ನಮ್ಮ ಹೆಸರು ಯಾರ ಗಲ್ಲಾಪೆಟ್ಟಿಗೆಗೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ನಾವು ಕವಿತೆ ಓದ್ತೀವಿ ಅಂತ ಬಂದವರಿಗೆ ಇವತ್ತು ನಿರಾಸೆಯಾಗುತ್ತೆ. ಇವತ್ತು ಅಂಗಡಿ ವಿಷಯ ಮಾತಾಡಬೇಕಾಗಿದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ಊರಿನ ಹಾಸ್ಟೆಲುಗಳಲ್ಲಿ ನಾವು ರಾತ್ರಿ ಊಟ ಆದಮೇಲೆ ಕೂತು ಮಾತಾಡುವಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಬಂತು. ಓಟರ್ ಪಟ್ಟಿಗೆ ಹೆಸರು ಸೇರಿಸೋ ಕೆಲಸಾನ ದೊಡ್ಡ ಕಂಪನಿಗಳು, ದೊಡ್ಡ ಅಂಗಡಿಗಳು ಮಾಡಿಕೊಡ್ತೀವಿ ಅಂತ ಮುಂದೆ ಬಂದರೆ ಅದರಲ್ಲಿ ತಪ್ಪೇನಣ್ಣ? ಕಚೇರಿಗೆ ಹೋದರೆ 'ನಾಳೆ ಬಾ' ಅಂತಾರೆ. ಕರೆಂಟಿಲ್ಲ, ಸರ್ವರಿಲ್ಲ, ಸಾಹೇಬರಿಲ್ಲ. ಅಂಗಡಿಯಲ್ಲಾದರೆ ತಣ್ಣಗೆ ಗಾಳಿ ಬರುತ್ತೆ, 'ಬನ್ನಿ ಸಾರ್' ಅಂತಾರೆ. ಹೆಸರು ಸೇರಿದರೆ ಸಾಕಲ್ಲವಾ, ಎಲ್ಲಿ ಸೇರಿದರೇನು?

ಈ ಪ್ರಶ್ನೆಯನ್ನ ನಾವು ಹಗುರವಾಗಿ ತಗೊಳ್ಳೋಲ್ಲ. ಆ 'ಬನ್ನಿ ಸಾರ್' ಅನ್ನೋ ಮಾತಿಗೆ ಎಷ್ಟು ತೂಕ ಇದೆ ಅನ್ನೋದು ನಮಗೆ ಗೊತ್ತು. ನಮ್ಮ ತಾತಂದಿರು ಊರ ಹೋಟೆಲಿನ ಹೊರಗೆ ನಿಂತು ಬೇರೆ ಲೋಟದಲ್ಲಿ ಟೀ ಕುಡಿದು, ಆ ಲೋಟಾನ ತಾವೇ ತೊಳೆದಿಟ್ಟು ಬಂದವರು. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಯಾರೂ 'ನೀನು ಯಾರ ಪೈಕಿ' ಅಂತ ಕೇಳೋಲ್ಲ. ಕೇರಿ ಹುಡುಗನೂ ಗೌಡರ ಹುಡುಗನೂ ಒಂದೇ ಬುಟ್ಟಿ ಹಿಡಿದು, ಒಂದೇ ಸಾಲಲ್ಲಿ ನಿಂತು ಬಿಲ್ ಮಾಡಿಸ್ತಾರೆ. ಇದು ಸಣ್ಣ ವಿಷಯ ಅಲ್ಲ. ನಗರದಲ್ಲಿ ಕೂತು ಬಂಡವಾಳಶಾಹಿಯನ್ನ ಬೈಯೋ ಎಷ್ಟೋ ಮೇಲ್ಜಾತಿ ವಿದ್ವಾಂಸರಿಗೆ ಇದು ಅರ್ಥವಾಗೋಲ್ಲ, ಯಾಕಂದರೆ ಅವರಿಗೆ ಯಾವ ಅಂಗಡಿಯೂ ಯಾವತ್ತೂ ಬಾಗಿಲು ಹಾಕಿದ್ದಿಲ್ಲ.

ಆದರೆ ಜಾತಿ ಕೇಳದ ಆ ಅಂಗಡಿ ಇನ್ನೊಂದನ್ನು ಕೇಳುತ್ತೆ. ಬಿಲ್ ಹಾಕೋ ಹುಡುಗಿ ತಲೆ ಎತ್ತದೆ, 'ಮೊಬೈಲ್ ನಂಬರ್ ಹೇಳಿ' ಅಂತಾಳೆ. ಎರಡು ಸೋಪು, ಒಂದು ನೋಟ್‌ಬುಕ್ಕಿಗೆ ಯಾಕಮ್ಮ ನಂಬರು ಅಂದರೆ, 'ಸಿಸ್ಟಂ ತಗೊಳ್ಳಲ್ಲ ಸಾರ್' ಅಂತಾಳೆ. ಇದು ಎಷ್ಟರಮಟ್ಟಿಗೆ ಹೋಯಿತು ಅಂದರೆ, ನಂಬರ್ ಕೊಡಲೇಬೇಕು ಅಂತ ಗಿರಾಕಿಗಳನ್ನ ಒತ್ತಾಯ ಮಾಡಬೇಡಿ ಅಂತ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಯವರಿಗೆ ಹೇಳಬೇಕಾಯಿತು. ನಂಬರಿಗೆ ಬೆಲೆ ಇಲ್ಲದಿದ್ದರೆ ಇಷ್ಟು ಒತ್ತಾಯ ಯಾಕೆ? ಇದನ್ನ ತಲೆಯಲ್ಲಿಟ್ಟುಕೊಂಡು ಮುಂದೆ ಬನ್ನಿ.

ಮೊದಲು ಟೀ ವಿಷಯ. 2007ರಲ್ಲಿ ಟಾಟಾ ಟೀ ಕಂಪನಿ 'ಜಾಗೋ ರೇ' ಅಂತ ಜಾಹೀರಾತು ಶುರು ಮಾಡಿತು. ಎದ್ದೇಳ್ರಪ್ಪಾ ಅಂತ ಅದರ ಅರ್ಥ. 2008ರಲ್ಲಿ, ಲೋಕಸಭೆ ಚುನಾವಣೆ ಹತ್ತಿರ ಬರುವ ಹೊತ್ತಿಗೆ, ಬೆಂಗಳೂರಿನ ಜನಾಗ್ರಹ ಸಂಸ್ಥೆಯ ಜೊತೆ ಸೇರಿ ನೂರು ಕೋಟಿ ಓಟು ಅನ್ನೋ ಹೆಸರಿನಲ್ಲಿ ಓಟರ್ ಪಟ್ಟಿಗೆ ಹೆಸರು ಸೇರಿಸಿಕೊಳ್ಳಲು ನೆರವಾಗುವ ಒಂದು ಇಂಟರ್ನೆಟ್ ತಾಣ ತೆರೆಯಿತು. ಎಲೆಕ್ಷನ್ ದಿನ ಓಟು ಹಾಕದವನು ನಿದ್ದೆ ಹೋಗಿದ್ದಾನೆ, ಅವನಿಗೊಂದು ಲೋಟ ಟೀ ಕೊಟ್ಟು ಎಬ್ಬಿಸಬೇಕು ಅನ್ನೋದು ಜಾಹೀರಾತಿನ ತಿರುಳು. ಜಾಣ ಜಾಹೀರಾತು. ನಾವು ಪದ ಜೋಡಿಸೋ ಕಸುಬಿನವರು, ಚೆನ್ನಾಗಿರೋದನ್ನ ಚೆನ್ನಾಗಿದೆ ಅಂತಲೇ ಹೇಳಬೇಕು. ಟೀ ಕುಡಿದರೆ ನಿದ್ದೆ ಹೋಗುತ್ತೆ ಅನ್ನೋ ಹಳೇ ಮಾತನ್ನ ದೇಶದ ನಿದ್ದೆಗೆ ಹೊಲಿದುಬಿಟ್ಟರು. ಎಲ್ಲ ಕಂಪನಿಯ ಟೀಪುಡಿಯೂ ನಾಲಿಗೆಗೆ ಹೆಚ್ಚುಕಮ್ಮಿ ಒಂದೇ ಥರ ಇರುವಾಗ, ಒಂದು ಪೊಟ್ಟಣವನ್ನ ಇನ್ನೊಂದರಿಂದ ಬೇರೆ ಮಾಡೋದು ಹೇಗೆ? ಅದರ ಮೇಲೆ ದೇಶಭಕ್ತಿಯ ಒಂದು ಚೀಟಿ ಅಂಟಿಸೋದು. ಅದರಿಂದ ಹೆಸರು ಸೇರಿಸಿಕೊಂಡವರು ಇದ್ದಾರೆ, ಇಲ್ಲ ಅನ್ನೋಲ್ಲ. ಅವರ ಓಟೇನೂ ಸುಳ್ಳು ಓಟಲ್ಲ.

ಆದರೆ ಯಾರನ್ನ ಎಬ್ಬಿಸ್ತಾ ಇದ್ದರು? 2008ರಲ್ಲಿ ನಮ್ಮ ಕೇರಿಗಳಲ್ಲಿ ಇಂಟರ್ನೆಟ್ ಎಲ್ಲಿತ್ತು? ನಮ್ಮ ಅಪ್ಪ ಅಮ್ಮ ಓಟಿನ ದಿನ ಎಂದಾದರೂ ಮಲಗಿದ್ದಾರಾ? ಕೂಲಿ ಬಿಟ್ಟು, ಇದ್ದಿದ್ದರಲ್ಲಿ ಒಳ್ಳೇ ಸೀರೆ ಉಟ್ಟು, ಬೆಳಿಗ್ಗೆ ಏಳಕ್ಕೇ ಸಾಲಲ್ಲಿ ನಿಲ್ಲೋರು ನಮ್ಮೋರು. 2024ರ ಏಪ್ರಿಲ್ 26ರ ಲೋಕಸಭೆ ಓಟಿನ ಲೆಕ್ಕ ನೋಡಿ. ಬೆಂಗಳೂರು ನಗರದ ಮೂರೂ ಕ್ಷೇತ್ರಗಳಲ್ಲಿ ನೂರಕ್ಕೆ 54ರ ಆಸುಪಾಸು. ನಮ್ಮ ಚಿಕ್ಕಬಳ್ಳಾಪುರ ಕ್ಷೇತ್ರದಲ್ಲೂ, ಚಿಂತಾಮಣಿ ಶಿಡ್ಲಘಟ್ಟ ಸೇರುವ ಕೋಲಾರ ಕ್ಷೇತ್ರದಲ್ಲೂ ನೂರಕ್ಕೆ 75 ದಾಟಿತು. ಮಲಗಿದ್ದವರು ಯಾರು, ಎದ್ದಿದ್ದವರು ಯಾರು?

ಟೀ ಕಥೆ ಇಲ್ಲಿಗೆ ಮುಗಿಯೋಲ್ಲ. 2015ರ ಸೆಪ್ಟೆಂಬರಿನಲ್ಲಿ ಕೇರಳದ ಮುನ್ನಾರಿನಲ್ಲಿ ಟೀ ಎಲೆ ಕೀಳುವ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದು ಕೂತರು. ಟಾಟಾ ಕಂಪನಿಯ ಪಾಲೂ ಇರುವ ಕಣ್ಣನ್ ದೇವನ್ ತೋಟಗಳ ಹೆಂಗಸರು ಅವರು. ತಮಿಳು ಮಾತಾಡುವವರು, ಬಹಳಷ್ಟು ಜನ ದಲಿತರು. ಬೋನಸ್ ಕಡಿತ ಮಾಡಿದ್ದಕ್ಕೆ ಸಿಟ್ಟಾಗಿ ಎದ್ದರು. ಯೂನಿಯನ್ ಗಂಡಸರನ್ನ ಹತ್ತಿರ ಸೇರಿಸಲಿಲ್ಲ, 'ಪೆಂಬಿಳೈ ಒರುಮೈ' ಅಂತ ತಮ್ಮದೇ ಒಗ್ಗಟ್ಟು ಕಟ್ಟಿಕೊಂಡರು, ಕೇಳಿದ್ದನ್ನ ಗೆದ್ದರು. ಅವರನ್ನ ಎಬ್ಬಿಸೋಕೆ ಯಾವ ಜಾಹೀರಾತೂ ಬೇಕಾಗಲಿಲ್ಲ. ಅವರು ದಿನಾ ಕೋಳಿ ಕೂಗೋಕೆ ಮುಂಚೆ ಎದ್ದು ಗುಡ್ಡ ಹತ್ತುವವರು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಬಂತು, ನಾವು ಎಲ್ಲರಿಗಿಂತ ಮುಂದು ಅಂತ ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಅದರ ಜೊತೆಗೆ ಓದಿಸದ ಒಂದು ಮಾತಿದೆ. ಅಲ್ಲಿ ಪ್ರತಿನಿಧಿಯನ್ನ ಆರಿಸುವ ಹಕ್ಕು ಜಮೀನು, ಕಂದಾಯ, ತೆರಿಗೆ ಇದ್ದವನಿಗೆ ಅಂಟಿಕೊಂಡಿತ್ತು. ಅಂದರೆ ಅಂಗಡಿ ಸಾಹುಕಾರ ಪಟ್ಟಿಯಲ್ಲಿದ್ದ, ಅವನ ಅಂಗಡಿ ಮುಂದೆ ಮೂಟೆ ಹೊತ್ತವನು ಇರಲಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಪಕ್ಕದ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸೋಕೆ ಸೇರಿದ ಜನದ ಮೇಲೆ ಗುಂಡು ಹಾರಿದಾಗ, ಅಲ್ಲಿ ನೆರೆದಿದ್ದ ಬಹುಪಾಲು ಜನರಿಗೆ ಓಟಿರಲಿಲ್ಲ. ಬಾಬಾಸಾಹೇಬರು 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ನಿಂತು ಅಸ್ಪೃಶ್ಯರಿಗೆ ಓಟು ಬೇಕು ಅಂತ ಕೇಳಿದರು. 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಸಿಗೆ ಬಂದ ಎಲ್ಲರಿಗೂ ಓಟು ಬೇಕು ಅಂತ ವಾದ ಮಾಡಿದರು. ಆಗ ನಗುತ್ತಿದ್ದವರೇ ಹೆಚ್ಚು. ಅಕ್ಷರ ಬಾರದವನಿಗೆ ಓಟೆ, ಆಸ್ತಿ ಇಲ್ಲದವನಿಗೆ ಓಟೆ ಅಂತ.

ಸಂವಿಧಾನ ಬಂದಮೇಲೆ ಓಟರ್ ಪಟ್ಟಿ ಬರೆಯುವ ಹೊಣೆ ಸರ್ಕಾರದ ಮೇಲೆ ಬಿತ್ತು. ಬರೆಯುವವನು ಮನೆ ಮನೆಗೆ ಬರಬೇಕು. ಮೊದಲನೇ ಚುನಾವಣೆಗೆ ಸುಮಾರು 17 ಕೋಟಿ ಜನರ ಹೆಸರನ್ನ ಹೀಗೆ ಮನೆ ಮನೆ ತಿರುಗಿ ಬರೆದರು. ಉತ್ತರದ ರಾಜ್ಯಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ 'ಇಂಥವನ ಹೆಂಡತಿ', 'ಇಂಥವನ ತಾಯಿ' ಅಂತಷ್ಟೇ ಬರೆಸಿದ್ದರಿಂದ ಸುಮಾರು 28 ಲಕ್ಷ ಹೆಸರನ್ನ ಪಟ್ಟಿಯಿಂದ ಬಿಡಬೇಕಾಯಿತು. ಸ್ವಂತ ಹೆಸರು ಹೇಳಿಕೊಳ್ಳೋದೇ ಓಟಿನ ಮೊದಲನೇ ಹೆಜ್ಜೆ ಅನ್ನೋದು ಇದರಿಂದ ಗೊತ್ತಾಗುತ್ತೆ. ಈಗಲೂ ನಿಯಮ ಅದೇ. ಬೂತ್ ಮಟ್ಟದ ಅಧಿಕಾರಿ, ಅಂದರೆ ನಿಮ್ಮೂರಿನ ಮೇಷ್ಟ್ರೋ ಅಂಗನವಾಡಿ ಅಕ್ಕನೋ, ಮನೆಗೆ ಬರಬೇಕು. ಅವರಿಗೆ ಅದರ ಮೇಲೆ ಇನ್ನೂ ಹತ್ತು ಕೆಲಸ ಹೊರಿಸಿದ್ದಾರೆ ಅನ್ನೋದೂ ನಿಜ. ಮನೆಬಾಗಿಲಿಗೆ ಬರಬೇಕಾದ ಸರ್ಕಾರ ಹಿಂದೆ ಸರಿದಾಗಲೇ ಅಂಗಡಿ ಮುಂದೆ ಬರುತ್ತೆ.

ಅಮೆರಿಕದಲ್ಲಿ ಇದು ಮೊದಲಿಂದಲೂ ಹೀಗೆ. ಬಹುಪಾಲು ರಾಜ್ಯಗಳಲ್ಲಿ ಸರ್ಕಾರ ಯಾರ ಮನೆಗೂ ಬರೋಲ್ಲ. ಅವನವನೇ ಹೋಗಿ ಬರೆಸಿಕೊಳ್ಳಬೇಕು. ಅದಕ್ಕೇ ಅಲ್ಲಿ ಕಾಫಿ ಅಂಗಡಿ, ಬಟ್ಟೆ ಅಂಗಡಿಗಳೆಲ್ಲ ಓಟರ್ ನೋಂದಣಿಗೆ ನಿಲ್ಲುತ್ತವೆ. ಆದರೆ ಅದೇ ಅಮೆರಿಕದಲ್ಲಿ ಅಂಗಡಿಗೂ ಓಟರ್ ಪಟ್ಟಿಗೂ ಇನ್ನೊಂದು ಸಂಬಂಧ ಇತ್ತು. ಅದನ್ನ ನೀವು ಕೇಳಲೇಬೇಕು.

ಟೆನೆಸ್ಸೀ ಅಂತ ಒಂದು ರಾಜ್ಯ, ಅದರಲ್ಲಿ ಫೇಯೆಟ್ ಅಂತ ಒಂದು ಜಿಲ್ಲೆ. ಅಲ್ಲಿ ಕರಿಯರೇ ಹೆಚ್ಚು, ಜಮೀನೆಲ್ಲ ಬಿಳಿಯರದು. ಕರಿಯರು ಗುತ್ತಿಗೆ, ವಾರಕ್ಕೆ ಉಳುವವರು. 1959-60ರಲ್ಲಿ ಅವರು ಧೈರ್ಯ ಮಾಡಿ ಓಟರ್ ಪಟ್ಟಿಗೆ ಹೆಸರು ಬರೆಸಿದರು. ಬರೆಸಿದವರ ಹೆಸರೆಲ್ಲ ಒಂದು ಕಪ್ಪು ಪಟ್ಟಿಯಾಗಿ ಅಂಗಡಿ ಅಂಗಡಿಗೆ ಹೋಯಿತು. ಆ ಹೆಸರಿನವರಿಗೆ ದಿನಸಿ ಇಲ್ಲ, ಸಾಲ ಇಲ್ಲ. ಜಮೀನುದಾರರು ನೂರಾರು ಸಂಸಾರಗಳನ್ನ ಗುಡಿಸಲಿಂದ ಹೊರಗೆ ಹಾಕಿದರು. 1960ರ ಚಳಿಗಾಲದಲ್ಲಿ ಅವರು ಒಬ್ಬ ಕರಿಯ ರೈತನ ಹೊಲದಲ್ಲಿ ಡೇರೆ ಹಾಕಿಕೊಂಡು ಬದುಕಿದರು. ಆ ಜಾಗಕ್ಕೆ ಡೇರೆ ಊರು ಅಂತಲೇ ಹೆಸರು ಬಂತು. ಮಿಸಿಸಿಪ್ಪಿಯಲ್ಲಿ ಫ್ಯಾನಿ ಲೂ ಹ್ಯಾಮರ್ ಅನ್ನೋ ಹತ್ತಿ ಬಿಡಿಸೋ ಹೆಣ್ಣುಮಗಳು 1962ರಲ್ಲಿ ಹೆಸರು ಬರೆಸೋಕೆ ಹೋದ ದಿನವೇ, ಹದಿನೆಂಟು ವರ್ಷ ದುಡಿದಿದ್ದ ತೋಟದಿಂದ ಅವಳನ್ನ ಆಚೆಗೆ ಹಾಕಿದರು.

ಇದನ್ನ ಕೇಳುವಾಗ ನಿಮಗೆ ನಿಮ್ಮೂರು ನೆನಪಾಗ್ತಾ ಇದೆ, ಮುಖ ನೋಡಿದರೆ ಗೊತ್ತಾಗುತ್ತೆ. ಕೇರಿಯವರಿಗೆ ಸಾಮಾನು ಕೊಟ್ಟರೆ ದಂಡ ಅಂತ ಅಂಗಡಿಯವನಿಗೆ ಹೇಳೋದು, ಹಿಟ್ಟಿನ ಗಿರಣಿ ನಿಲ್ಲಿಸೋದು. ಈ ಬಹಿಷ್ಕಾರ ಶಿಕ್ಷೆಗೆ ಗುರಿಯಾಗೋ ಅಪರಾಧ ಅಂತ ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿಸಿದರು. ಅಂದರೆ 2015ರಲ್ಲೂ ಅಂಥ ಕಾನೂನು ಬೇಕಾಗಿತ್ತು.

ನಾವು ಹೇಳೋದು ಇಷ್ಟು: ಪಟ್ಟಿ ಮತ್ತು ಅಂಗಡಿ ಎರಡೂ ಒಂದೇ ಕೈಗೆ ಸಿಕ್ಕಾಗ ಏನಾಗುತ್ತೆ ಅಂತ ನೋಡಿ. ಅವತ್ತು ಪಟ್ಟಿ ಹಿಡಿದು ಬಾಗಿಲು ಹಾಕಿದರು. ಇವತ್ತು ಬಾಗಿಲು ತೆಗೆದು ಪಟ್ಟಿ ಕೇಳ್ತಾರೆ. ಇವತ್ತಿನದು ಅವತ್ತಿನಷ್ಟು ಕ್ರೂರ ಅಂತ ನಾವು ಹೇಳ್ತಾ ಇಲ್ಲ. ಹಾಗಂದರೆ ಡೇರೆಯಲ್ಲಿ ಮಲಗಿದ ಮಕ್ಕಳಿಗೆ ಅವಮಾನ. ಆದರೆ ಪಟ್ಟಿ ಯಾಕೆ ಬೇಕು ಅಂತ ಕೇಳೋ ಹಕ್ಕು ನಮಗಿದೆ.

ಪಟ್ಟಿಯಲ್ಲಿ ಏನಿರುತ್ತೆ? ಹೆಸರು, ಅಪ್ಪನದೋ ಗಂಡನದೋ ಹೆಸರು, ಮನೆ ನಂಬರ್, ವಯಸ್ಸು, ಗಂಡೋ ಹೆಣ್ಣೋ. ಇದು ಯಾರು ಬೇಕಾದರೂ ನೋಡಬಹುದಾದ ಕಾಗದ. ಮಾನ್ಯತೆ ಪಡೆದ ಪಕ್ಷಗಳಿಗೆ ಪ್ರತಿಯನ್ನ ಪುಗಸಟ್ಟೆ ಕೊಡ್ತಾರೆ. ಪಟ್ಟಿಯಲ್ಲಿ ಇಲ್ಲದಿರೋದಕ್ಕೇ ಬೆಲೆ. ಫೋನ್ ನಂಬರ್ ಏನು, ಆಧಾರ್ ಏನು, ಜಾತಿ ಏನು, ಮನೆಮಾತೇನು, ಕೆಲಸ ಇದೆಯಾ, ಮದುವೆ ಆಗಿದೆಯಾ. ನಮೂನೆ 6ರಲ್ಲಿ ಇವುಗಳಲ್ಲಿ ಕೆಲವನ್ನ ಬರೆದುಕೊಡ್ತೀವಿ. ಆ ಕಾಗದ ಮೇಷ್ಟ್ರ ಕೈಯಿಂದ ತಹಶೀಲ್ದಾರರ ಕಚೇರಿಗೆ ಹೋಗೋದು ಬೇರೆ, ನಡುವೆ ಮೂರನೆಯವನ ಕೈ ತಾಗೋದು ಬೇರೆ.

ಮೂರನೆಯವನ ಕೈ ಅಂದರೆ ಏನು ಅನ್ನೋದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿಗೆ ಹೋದರೆ ಸಾಕು. 'ಚಿಲುಮೆ' ಅನ್ನೋ ಹೆಸರಿನ ಒಂದು ಟ್ರಸ್ಟು. 2022ರಲ್ಲಿ ಬಿಬಿಎಂಪಿಯವರು ಅದಕ್ಕೆ ಮತದಾರರ ಜಾಗೃತಿ ಮಾಡೋಕೆ ಅನುಮತಿ ಕೊಟ್ಟರು. ಮೊದಲು ಮಹದೇವಪುರಕ್ಕೆ, ಆಗಸ್ಟಿನಲ್ಲಿ ಬೆಂಗಳೂರಿನ 28 ಕ್ಷೇತ್ರಕ್ಕೂ. ಒಂದು ಪೈಸೆ ಬೇಡ, ಪುಕ್ಕಟೆ ಮಾಡ್ತೀವಿ ಅಂದಿದ್ದರು. ಆ ಟ್ರಸ್ಟಿನ ಕಡೆಯವರು ಸರ್ಕಾರಿ ಬೂತ್ ಅಧಿಕಾರಿಗಳಂತೆ ಗುರುತಿನ ಚೀಟಿ ತಗುಲಿಸಿಕೊಂಡು ಮನೆ ಮನೆಗೆ ಹೋಗಿ ಜಾತಿ, ಮನೆಮಾತು, ಉದ್ಯೋಗ, ಫೋನು, ಆಧಾರ್ ಎಲ್ಲ ಕೇಳಿದರು, ಅದನ್ನೆಲ್ಲ ತಮ್ಮದೇ 'ಡಿಜಿಟಲ್ ಸಮೀಕ್ಷಾ' ಅನ್ನೋ ಆ್ಯಪಿಗೆ ತುಂಬಿದರು ಅನ್ನೋದು 2022ರ ನವೆಂಬರಿನಲ್ಲಿ ಪತ್ರಕರ್ತರ ತನಿಖೆಯಿಂದ ಆಚೆಗೆ ಬಂತು. ಕೇಸಾಯಿತು, ಬಂಧನ ಆಯಿತು. ಚುನಾವಣಾ ಆಯೋಗದ ಆದೇಶದ ಮೇಲೆ ಇಬ್ಬರು ಐಎಎಸ್ ಅಧಿಕಾರಿಗಳ ಅಮಾನತಾಯಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಮೂರೂ ಕಡೆ ಸೇರಿಸಿದ, ತೆಗೆದ ಹೆಸರನ್ನೆಲ್ಲ ಮತ್ತೆ ಪರಿಶೀಲಿಸಿ ಅಂತ ಆಯೋಗ ಹೇಳಿತು.

ನೋಡಿ ಗೆಳೆಯರೇ, ಗಾಜಿನ ಬಾಗಿಲಿನ ಅಂಗಡಿ ಜಾತಿ ಕೇಳೋಲ್ಲ ಅಂತ ಖುಷಿಪಟ್ಟೆವು. ಪುಕ್ಕಟೆ ಜಾಗೃತಿಗೆ ಬಂದವರು ಮನೆಬಾಗಿಲಲ್ಲೇ ಜಾತಿ ಕೇಳಿ ಬರಕೊಂಡು ಹೋದರು. ಹಳ್ಳಿ ಗೌಡ ಜಾತಿ ಕೇಳಿದರೆ ಎದುರು ಮಾತಾಡೋ ಬೆಂಗಳೂರಿನ ವಿದ್ಯಾವಂತರು, ಕೊರಳಿಗೆ ಟ್ಯಾಗು ಹಾಕಿಕೊಂಡವನು ಕೇಳಿದರೆ ಹೇಳಿಬಿಟ್ಟರು.

ಶಿಡ್ಲಘಟ್ಟದ ಗೆಳೆಯರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮನೆ ಹೆಂಗಸರೇ ಬಿಸಿನೀರಿಗೆ ಕೈ ಹಾಕಿ ಗೂಡಿನ ತುದಿ ಹುಡುಕಿ ನೂಲು ತೆಗೆಯೋರು. ಒಂದು ಗೂಡಿನ ಎಳೆ ಎಷ್ಟಿರುತ್ತೆ? ಕಣ್ಣಿಗೆ ಕಾಣೋಲ್ಲ, ಒಂದು ಗುಂಡಿ ಹೊಲಿಯೋಕೂ ಸಾಲದು. ನಾಲ್ಕಾರು ಎಳೆ ಕೂಡಿಸಿ ಸುತ್ತಿದರೆ ರೇಷ್ಮೆ. ಹಾಗೆ ನಿಮ್ಮೊಬ್ಬರ ಹೆಸರು, ನಂಬರು, ವಯಸ್ಸು ಯಾರಿಗೂ ಬೇಡ. ಹತ್ತು ಸಾವಿರ ಜನರದು ಕೂಡಿಸಿ ಸುತ್ತಿದಾಗ ಅದು ಮಾಲು. ಮಾರುಕಟ್ಟೆಯಲ್ಲಿ ಲಾಟಿಗೆ ಇಡಬಹುದು. ಎಳೆ ಬಿಚ್ಚಿದಮೇಲೆ ಒಳಗಿನ ಹುಳದ ಗತಿ ಏನು ಅಂತ ಯಾವ ಹರಾಜಿನಲ್ಲೂ ಕೇಳೋಲ್ಲ.

ಹೆಸರಿಗೆ ರೇಟು ಇದೆ ಅನ್ನೋದು ಕವಿಗಳ ಕಲ್ಪನೆ ಅಲ್ಲ. ಕಲಬುರಗಿಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಹೆಸರು ತೆಗೆಯಿರಿ ಅಂತ 6,018 ಅರ್ಜಿ ಇಂಟರ್ನೆಟ್ಟಿನಲ್ಲಿ ಬಂದವು. ಪರಿಶೀಲಿಸಿದರೆ 24 ಮಾತ್ರ ಸರಿಯಾದವು. ಮಿಕ್ಕವು ಬೇರೆಯವರ ಹೆಸರಿನಲ್ಲಿ, ಅವರಿಗೇ ಗೊತ್ತಿಲ್ಲದಂತೆ ಹಾಕಿದವು. ಅದು ಸಿಕ್ಕಿಬಿತ್ತು, ಹೆಸರು ಉಳಿದವು, ಪೊಲೀಸ್ ಕೇಸಾಯಿತು. ಒಂದು ಅರ್ಜಿಗೆ 80 ರೂಪಾಯಿ ಕೊಟ್ಟಿದ್ದರು ಅಂತ ವಿಶೇಷ ತನಿಖಾ ತಂಡಕ್ಕೆ ಗೊತ್ತಾಗಿದೆ ಅನ್ನೋ ಸುದ್ದಿ 2025ರಲ್ಲಿ ಪತ್ರಿಕೆಗಳಲ್ಲಿ ಬಂತು. ಅಲ್ಲಿ ಯಾವ ಅಂಗಡಿಯೂ ಇರಲಿಲ್ಲ, ಒಪ್ಪಿದೆ. ಆದರೆ ಹೆಸರು, ಫೋನ್ ನಂಬರ್, ಒಂದು ಕಂಪ್ಯೂಟರ್ ಇದ್ದರೆ ಏನು ಮಾಡಬಹುದು ಅನ್ನೋದು ಅಲ್ಲಿ ಕಾಣಿಸಿತು.

ಅಂಗಡಿ ಅಂದಾಗ ಬೀದಿಯಲ್ಲಿರೋದು ಮಾತ್ರ ಅಂಗಡಿ ಅಂದುಕೋಬೇಡಿ. ನಿಮ್ಮ ಜೇಬಿನಲ್ಲೂ ಒಂದಿದೆ. 2017ರ ಜುಲೈ ಮೊದಲ ವಾರದಲ್ಲಿ ಚುನಾವಣಾ ಆಯೋಗ ಮತ್ತು ಫೇಸ್‌ಬುಕ್ ಸೇರಿ, ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ, ಓಟರ್ ಪಟ್ಟಿಗೆ ಹೆಸರು ಸೇರಿಸಿ ಅಂತ ದೇಶದ ಹುಡುಗ ಹುಡುಗಿಯರಿಗೆಲ್ಲ ನೆನಪು ಮಾಡಿದರು. ಮರುವರ್ಷ 2018ರ ಮಾರ್ಚಿನಲ್ಲಿ, ಅದೇ ಫೇಸ್‌ಬುಕ್ಕಿನಿಂದ ಜಗತ್ತಿನ ಸುಮಾರು 8 ಕೋಟಿ 70 ಲಕ್ಷ ಜನರ ವಿವರ ಕೇಂಬ್ರಿಜ್ ಅನಲಿಟಿಕಾ ಅನ್ನೋ ಚುನಾವಣಾ ದಲ್ಲಾಳಿ ಕಂಪನಿಗೆ ಹೋಗಿತ್ತು ಅನ್ನೋದು ಬಯಲಾಯಿತು. ನಮ್ಮ ದೇಶದವರೇ 5 ಲಕ್ಷ 62 ಸಾವಿರ. ನೆನಪು ಮಾಡಿದ್ದಕ್ಕೂ ವಿವರ ಹೋಗಿದ್ದಕ್ಕೂ ನೇರ ಸಂಬಂಧ ಇದೆ ಅಂತ ಹೇಳೋದು ತಪ್ಪಾಗುತ್ತೆ. ಆದರೆ ಯಾರನ್ನ ನಂಬಿ ಓಟಿನ ಕೆಲಸ ಕೊಡ್ತಾ ಇದ್ದೀವಿ ಅಂತ ಆಯೋಗ ಕೇಳಿಕೊಳ್ಳಬೇಕಿತ್ತು.

ಹದಿನೆಂಟು ತುಂಬಿದವನು ಸರ್ಕಾರಕ್ಕೆ ಹೊಸ ಓಟರು, ಅಂಗಡಿಗೆ ಹೊಸ ಗಿರಾಕಿ. ಮೊದಲನೇ ಸಿಮ್ಮು, ಮೊದಲನೇ ಬ್ಯಾಂಕ್ ಪುಸ್ತಕ, ಮೊದಲನೇ ಸಂಬಳ, ಕಂತಿನ ಮೇಲೆ ಬೈಕು. ಆ ವಯಸ್ಸಿನಲ್ಲಿ ಹಿಡಿದವನನ್ನ ನಲವತ್ತು ವರ್ಷ ಬಿಡಬೇಕಾಗಿಲ್ಲ. ಅದಕ್ಕೇ ಇವರ ಜಾಗೃತಿಯೆಲ್ಲ ಯುವಜನ, ಯುವಜನ ಅಂತ ಬಡಕೊಳ್ಳುತ್ತೆ. ಅರವತ್ತರ ಮುದುಕಿಯ ಹೆಸರು ಪಟ್ಟಿಯಿಂದ ಬಿಟ್ಟುಹೋದರೆ ಯಾವ ಕಂಪನಿಗೂ ಚಿಂತೆಯಿಲ್ಲ. ಇಟ್ಟಿಗೆ ಗೂಡಿಗೆ, ಬೆಂಗಳೂರಿನ ಗಾರೆ ಕೆಲಸಕ್ಕೆ ಹೋಗಿ ಆರು ತಿಂಗಳು ಊರಲ್ಲಿಲ್ಲದ ಸಂಸಾರದ ಹೆಸರು 'ಸ್ಥಳಾಂತರ' ಅಂತ ಹೊಡೆದು ಹಾಕಿದರೆ, ಅವರನ್ನ ಹುಡುಕಿಕೊಂಡು ಯಾವ ಕಂಪನಿಯೂ ಬರೋಲ್ಲ. ಅವರ ಶೆಡ್ಡಿನ ಹತ್ತಿರ ಮಾರೋಕೆ ಏನಿದೆ? 2025ರ ಆಗಸ್ಟಿನಲ್ಲಿ ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದಾಗ, ಬಿಟ್ಟವರ ಹೆಸರನ್ನ ಪ್ರಕಟಿಸಿ ಅಂತ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಆವಾಗ ಯಾವ ಟೀ ಪೊಟ್ಟಣವೂ 'ಎದ್ದೇಳಿ' ಅಂದಿದ್ದು ನಮ್ಮ ಕಿವಿಗೆ ಬೀಳಲಿಲ್ಲ.

ಇನ್ನೊಂದು ಲಾಭ ಇದೆ, ಅದು ಗಲ್ಲಾಪೆಟ್ಟಿಗೆಯಲ್ಲಿ ಕಾಣೋಲ್ಲ. ಓಟರ್ ಪಟ್ಟಿಯ ಮೇಜು ಹಾಕಿದ ಕಂಪನಿ ಊರಿಗೆಲ್ಲ ಒಳ್ಳೆಯವನು, ಯಾವ ಪಕ್ಷಕ್ಕೂ ಸೇರದವನು. ಮುಂಬಾಗಿಲಲ್ಲಿ ಎಲ್ಲರಿಗೂ ಒಂದೊಂದು ಓಟು ಹಂಚುತ್ತಾನೆ. ಹಿಂಬಾಗಿಲಲ್ಲಿ? 2018ರಿಂದ 2024ರ ಫೆಬ್ರವರಿವರೆಗೆ 16,518 ಕೋಟಿ ರೂಪಾಯಿ ಚುನಾವಣಾ ಬಾಂಡು ಮಾರಾಟವಾಯಿತು, ಹೆಚ್ಚಿನ ಪಾಲು ಕೊಂಡವರು ಕಂಪನಿಗಳು. ಯಾರು ಯಾರಿಗೆ ಕೊಟ್ಟರು ಅಂತ ಓಟು ಹಾಕುವ ನಮಗೆ ಗೊತ್ತಾಗಬಾರದು ಅಂತ ವ್ಯವಸ್ಥೆ ಮಾಡಿದ್ದರು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದುಹಾಕಿತು. ಜಾಗೃತಿ ಮಾಡಿದ ಕಂಪನಿಗಳೇ ಬಾಂಡು ಕೊಂಡವು ಅಂತ ನಾವು ಬೆರಳು ತೋರಿಸ್ತಾ ಇಲ್ಲ. ಬಂಡವಾಳದವರಿಗೆ ಚುನಾವಣೆಯಲ್ಲಿ ಎರಡು ಬಾಗಿಲಿವೆ, ನಮಗೆ ತೋರಿಸೋದು ಒಂದನ್ನ ಮಾತ್ರ, ಅಷ್ಟೆ.

ಚಿಂತಾಮಣಿ ಮಂಡಿಗೆ ಟೊಮ್ಯಾಟೊ ತಂದವನಿಗೆ ದಲ್ಲಾಳಿ ಮೊದಲು 'ಟೀ ಕುಡಿ ಅಣ್ಣ' ಅಂತಾನೆ. ಆ ಟೀ ಕಾಸು ಎಲ್ಲಿ ಹಿಡಿದುಕೊಂಡ ಅಂತ ಗೊತ್ತಾಗೋದು ಸಾಯಂಕಾಲ ಪಟ್ಟಿ ಕೈಗೆ ಬಂದಾಗ.

ದೋಸೆ ವಿಷಯ ಕೇಳಿದವರಿಗೆ ಒಂದು ಮಾತು. ಬೆಂಗಳೂರಿನ ನೃಪತುಂಗ ರಸ್ತೆಯ ಹೋಟೆಲೊಂದು 2018ರಿಂದ ಶಾಯಿ ಬೆರಳು ತೋರಿಸಿದವರಿಗೆ ಬೆಣ್ಣೆ ದೋಸೆ ಕೊಡುತ್ತಾ ಬಂದಿದೆ. 2024ರಲ್ಲಿ ಹೋಟೆಲಿನವರು ಹೈಕೋರ್ಟಿಗೆ ಹೋಗಿ ಅನುಮತಿ ತಂದರು. ಅಮೆರಿಕದಲ್ಲಿ 2008ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಕಂಪನಿ ಓಟು ಹಾಕಿದವರಿಗೆ ಕಾಫಿ ಪುಕ್ಕಟೆ ಅಂದಾಗ, ಓಟಿಗೆ ಬದಲಾಗಿ ಏನನ್ನೂ ಕೊಡಬಾರದು ಅನ್ನೋ ಕಾನೂನು ಅಡ್ಡ ಬಂದು, ಕೊನೆಗೆ ಕೇಳಿದವರಿಗೆಲ್ಲ ಕೊಟ್ಟರು. ನಮಗೆ ದೋಸೆ ಮೇಲೆ ಅಷ್ಟೇನೂ ಸಿಟ್ಟಿಲ್ಲ. ಹೋಟೆಲಿನವನು ನಂಬರ್ ಕೇಳೋಲ್ಲ, ಬೆರಳು ನೋಡಿ ತಟ್ಟೆ ಕೊಡ್ತಾನೆ.

ನಮಗೆ ಸಿಟ್ಟಿರೋದು ಬೇರೆ ಕಡೆ. ಆ ಹೋಟೆಲು, ಆ ಅಂಗಡಿಯಲ್ಲಿ ಕೆಲಸ ಮಾಡೋ ನಮ್ಮ ಹುಡುಗ ಹುಡುಗಿಯರಿಗೆ ಓಟಿನ ದಿನ ಸಂಬಳದ ರಜೆ ಕೊಟ್ಟರಾ? 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ 135-ಬಿ ಅಂತ ಒಂದು ಕಲಮು ಇದೆ. ಯಾವುದೇ ವ್ಯಾಪಾರ, ಕೈಗಾರಿಕೆಯಲ್ಲಿ ದುಡಿಯುವ ಓಟುದಾರನಿಗೆ ಓಟಿನ ದಿನ ರಜೆ ಕೊಡಬೇಕು, ಸಂಬಳ ಹಿಡಿಯಬಾರದು. ದಿನಗೂಲಿಗೂ ಇದು ಅನ್ವಯ. ಕೊಡದಿದ್ದರೆ ಮಾಲೀಕನಿಗೆ ದಂಡ ಎಷ್ಟು ಗೊತ್ತಾ? 500 ರೂಪಾಯಿವರೆಗೆ. ಈ ನಾಲ್ಕು ಊರಿನ ಬಟ್ಟೆ ಅಂಗಡಿ, ಗಾರ್ಮೆಂಟ್ಸು, ಸೂಪರ್ ಮಾರ್ಕೆಟ್ಟುಗಳಲ್ಲಿ ಹನ್ನೆರಡು ಗಂಟೆ ನಿಂತು ಕೆಲಸ ಮಾಡೋ ನಮ್ಮ ಅಕ್ಕತಂಗಿಯರನ್ನ ಕೇಳಿ ನೋಡಿ, 135-ಬಿ ಹೆಸರು ಕೇಳಿದ್ದೀರಾ ಅಂತ. ಗಿರಾಕಿಗೆ ಓಟರ್ ಅರ್ಜಿ ಕೊಡ್ತೀನಿ ಅನ್ನೋ ಮಾಲೀಕ, ಮೊದಲು ಆ ಕಲಮನ್ನ ದೊಡ್ಡ ಅಕ್ಷರದಲ್ಲಿ ಬರೆಸಿ ತನ್ನ ಗಲ್ಲಾ ಹಿಂದೆ ನೇತುಹಾಕಲಿ.

ಈಗ ನಮ್ಮ ಕೆಲಸ. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಸುಮಾರು ಕಾಲು ಭಾಗ ಪರಿಶಿಷ್ಟ ಜಾತಿಯ ಜನ. ಅವರ ಮಕ್ಕಳು ಈ ಹಾಸ್ಟೆಲುಗಳಲ್ಲಿದ್ದೀರಿ. ನಮಗೆ ಅಂಗಡಿಯೂ ಬೇಡ, ಟ್ರಸ್ಟೂ ಬೇಡ. ನಮೂನೆ 6 ಪುಕ್ಕಟೆ ಸಿಗುತ್ತೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳ ಒಂದನೇ ತಾರೀಖಿಗೆ ಹದಿನೆಂಟು ತುಂಬಿದರೆ ಸೇರಬಹುದು. 2022ರಿಂದ ಹೀಗಾಗಿದೆ, ಹದಿನೇಳು ಆದವರು ಮುಂಚೆಯೇ ಅರ್ಜಿ ಹಾಕಿಡಬಹುದು. ಹಾಸ್ಟೆಲ್ ವಿಳಾಸದಲ್ಲೇ ಸೇರಬೇಕಾದರೆ ನಿಮ್ಮ ಪ್ರಿನ್ಸಿಪಾಲರು, ಇವರು ನಮ್ಮ ವಿದ್ಯಾರ್ಥಿ ಅಂತ ಬರೆದುಕೊಡೋ ಪ್ರಮಾಣಪತ್ರ ಬೇಕು. ಎಲ್ಲರದೂ ಒಬ್ಬನೇ ಕಟ್ಟು ಕಟ್ಟಿ ಕೊಟ್ಟರೆ ತಗೊಳ್ಳಬಾರದು ಅಂತ ನಿಯಮ ಇದೆ, ಒಳ್ಳೇ ನಿಯಮವೇ. ಆದ್ದರಿಂದ ಒಟ್ಟಿಗೆ ಹೋಗೋಣ, ಅವರವರ ಅರ್ಜಿ ಅವರವರ ಕೈಯಲ್ಲೇ ಇರಲಿ. ಕೆಳಗಿನ ಸ್ವೀಕೃತಿ ಚೀಟಿಗೆ ಸಹಿ ಹಾಕಿಸಿಕೊಳ್ಳದೆ ಬರಬೇಡಿ. 'ನಾಳೆ ಬಾ' ಅಂದರೆ ನಾಳೆ ನಲವತ್ತು ಜನ ಹೋಗೋಣ.

ಒಂದು ಗಂಟು ಮಾತ್ರ ನಮ್ಮಲ್ಲೇ ಬಿಚ್ಚದೆ ಉಳಿದಿದೆ. ಎರಡು ಕಡೆ ಹೆಸರಿರೋದು ಅಪರಾಧ. ಹಾಸ್ಟೆಲಿನಲ್ಲಿ ಸೇರಿಸಿದರೆ ಊರಲ್ಲಿ ಹೋಗುತ್ತೆ. ಊರಲ್ಲಿ ಹೋದರೆ ಪಂಚಾಯ್ತಿ ಓಟೂ ಹೋಗುತ್ತೆ. ಪಂಚಾಯ್ತಿಯಲ್ಲಿ ನಮ್ಮ ಕೇರಿ ಅಕ್ಕ ಐದು ಓಟಿನಲ್ಲಿ ಗೆಲ್ಲೋದು, ಮೂರು ಓಟಿನಲ್ಲಿ ಸೋಲೋದು ನೀವೇ ನೋಡಿದ್ದೀರಿ. ಊರಲ್ಲಿಟ್ಟುಕೊಂಡರೆ ಓಟಿನ ದಿನ ಬಸ್ ಚಾರ್ಜಿಗೆ ಕಾಸಿಲ್ಲದೆ ಎಷ್ಟೋ ಜನ ಹೋಗೋದೇ ಇಲ್ಲ. ಶಿಡ್ಲಘಟ್ಟದವರು ಹಾಸ್ಟೆಲಿನಲ್ಲೇ ಇರಲಿ ಅಂತಾರೆ, ಗೌರಿಬಿದನೂರಿನವರು ಊರಲ್ಲೇ ಇರಬೇಕು ಅಂತಾರೆ. ನಮಗೆ ಗೌರಿಬಿದನೂರಿನವರ ಮಾತೇ ಸರಿ ಅನ್ನಿಸುತ್ತೆ, ಆದರೆ ಬಸ್ ಚಾರ್ಜಿಗೆ ಏನು ಮಾಡೋದು ಅಂತ ಅವರು ಹೇಳಬೇಕು. ಮೈಕು ಈಗ ಅವರಿಗೆ ಕೊಡ್ತೀವಿ.